ಗೋಡೆಯ ಮೇಲೆ ಹದಿನಾಲ್ಕು ಅದ್ಭುತಗಳು: ಮಕ್ಕಳೊಂದಿಗೆ ಆರಿಸಿದ ಅನುಭವ

ನಮ್ಮ ಪ್ರೌಢಶಾಲೆಯ ಪಡಸಾಲೆಯಲ್ಲಿ ಹದಿನೆಂಟು ಅಡಿ ಉದ್ದದ ಗೋಡೆಯೊಂದಿದೆ. ಕಳೆದ ಜೂನ್‌ನಲ್ಲಿ ಅದಕ್ಕೆ ಹೊಸದಾಗಿ ಬಣ್ಣ ಬಳಿದಾಗ ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಸಮಿತಿಯವರು, "ಇಲ್ಲಿ ಏನಾದರೂ ಬರೆಸಿರಿ, ಖಾಲಿ ಬಿಡಬೇಡಿರಿ" ಎಂದರು. ನಾನು ಸಮಾಜ ವಿಜ್ಞಾನ ಕಲಿಸುವವಳು. ಭಾರತದ ನಕಾಶೆ ಬರೆಸಿ, ಅದರ ಸುತ್ತ ದೇಶದ ಏಳು ಪ್ರಾಕೃತಿಕ ಅದ್ಭುತಗಳನ್ನೂ ಮನುಷ್ಯರು ಕಟ್ಟಿದ ಏಳು ಅದ್ಭುತಗಳನ್ನೂ ಚಿತ್ರಿಸೋಣ, ಆರಿಸುವವರು ಮಕ್ಕಳೇ ಆಗಲಿ ಎಂದೆ. ಮುಖ್ಯಗುರುಗಳು ಕೂಡಲೇ ಒಪ್ಪಿದರು. ಹದಿನೈದು ದಿನದ ಕೆಲಸವೆಂದು ಎಲ್ಲರೂ ಭಾವಿಸಿದ್ದೆವು. ಅದು ಮುಗಿದದ್ದು ಜನವರಿಯ ಕೊನೆಯ ವಾರದಲ್ಲಿ.

ಸುತ್ತಲಿನ ನಾಲ್ಕೈದು ಶಾಲೆಗಳ ಶಿಕ್ಷಕರು ಬಂದು ಗೋಡೆ ನೋಡಿ, ನಮ್ಮಲ್ಲೂ ಮಾಡಬೇಕು, ಹೇಗೆ ಮಾಡಿದಿರಿ ಎಂದು ಕೇಳಿದ್ದಾರೆ. ಒಬ್ಬೊಬ್ಬರಿಗೂ ಹೇಳುವಾಗ ಏನಾದರೊಂದು ಬಿಟ್ಟುಹೋಗುತ್ತದೆ. ಆದ್ದರಿಂದ ನಡೆದದ್ದನ್ನೆಲ್ಲ ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಮ್ಮ ಶಾಲೆ ಇರುವುದು ಕೊಪ್ಪಳ ಜಿಲ್ಲೆಯ ಕಾಲುವೆ ಸೀಮೆಯಲ್ಲಿ. ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ಗುಂಡುಗಲ್ಲಿನ ಬೆಟ್ಟಗಳು. 2023ರಲ್ಲಿ ಕರ್ನಾಟಕದ ಏಳು ಅದ್ಭುತಗಳ ಪಟ್ಟಿ ಪ್ರಕಟವಾದಾಗ ಹಂಪಿ, ಜೋಗ, ಗೋಲ್ ಗುಂಬಜ್‌ಗಳ ಜೊತೆ ನಮ್ಮ ಜಿಲ್ಲೆಯ ಹಿರೇಬೆಣಕಲ್ಲಿನ ಶಿಲಾ ಸಮಾಧಿಗಳೂ ಸೇರಿದ್ದವು. ಅಂದು ಆರನೆಯ ತರಗತಿಯಲ್ಲಿದ್ದ ಮಕ್ಕಳು ಈಗ ಒಂಬತ್ತರಲ್ಲಿದ್ದಾರೆ. "ನಮ್ಮ ಬೆಟ್ಟದ ಮೇಲಿರುವುದು ಅದ್ಭುತವಾದರೆ ದೇಶದಲ್ಲಿ ಇನ್ನು ಎಷ್ಟಿರಬೇಕು ಟೀಚರ್?" ಎಂದು ಒಬ್ಬಳು ಕೇಳಿದ್ದಳು. ನನ್ನ ತಲೆಯಲ್ಲಿ ಈ ಕೆಲಸದ ಬೀಜ ಬಿದ್ದದ್ದು ಆ ಮಾತಿನಿಂದ.

ಮೊದಲು ಒಂದು ಡಬ್ಬಿ ಇಟ್ಟೆವು. ಎಂಟು, ಒಂಬತ್ತು, ಹತ್ತನೆಯ ತರಗತಿಯ 164 ಮಕ್ಕಳು ತಮಗೆ ತೋಚಿದ ಹೆಸರುಗಳನ್ನು ಚೀಟಿಯಲ್ಲಿ ಬರೆದು ಹಾಕಬೇಕು. ಒಂದು ವಾರದ ನಂತರ ಡಬ್ಬಿ ತೆರೆದು ಎಣಿಸಿದಾಗ ನನಗೆ ದಿಗಿಲಾಯಿತು. ಚೀಟಿಗಳ ರಾಶಿಯಲ್ಲಿ ಮುಕ್ಕಾಲು ಭಾಗ ಕಟ್ಟಡಗಳೇ. ತಾಜ್ ಮಹಲ್, ಕೆಂಪು ಕೋಟೆ, ಹಂಪಿಯ ಕಲ್ಲಿನ ರಥ, ಕೋಣಾರ್ಕದ ಚಕ್ರ, ಸಾಂಚಿಯ ಸ್ತೂಪ. ಪ್ರಕೃತಿಯ ಹೆಸರಲ್ಲಿ ಬಂದ ಚೀಟಿಗಳು ಬೆರಳೆಣಿಕೆಯಷ್ಟು. ಅವುಗಳಲ್ಲೂ ಹೆಚ್ಚಿನವು 'ಹಿಮಾಲಯ' ಎಂಬ ಒಂದೇ ಪದ.

ಯಾಕೆ ಹೀಗಾಯಿತೆಂದು ತರಗತಿಯಲ್ಲಿ ಕೇಳಿದೆ. ಉತ್ತರ ಕೊಟ್ಟವನು ಸಂತೆಯಲ್ಲಿ ಅಪ್ಪನ ಜೊತೆ ತರಕಾರಿ ಮಾರುವ ಹುಡುಗ. ಅವನಿಗೆ ಈ ಹೆಸರುಗಳೆಲ್ಲ ಸಿಕ್ಕಿದ್ದು ನೋಟುಗಳ ಹಿಂಬದಿಯಲ್ಲಿ. ಹತ್ತರ ನೋಟಿನಲ್ಲಿ ಕೋಣಾರ್ಕ, ಇಪ್ಪತ್ತರಲ್ಲಿ ಎಲ್ಲೋರ, ಐವತ್ತರಲ್ಲಿ ಹಂಪಿಯ ರಥ, ನೂರರಲ್ಲಿ ಗುಜರಾತಿನ ಮೆಟ್ಟಿಲುಬಾವಿ ರಾಣಿ ಕಿ ವಾವ್, ಇನ್ನೂರರಲ್ಲಿ ಸಾಂಚಿ, ಐನೂರರಲ್ಲಿ ಕೆಂಪು ಕೋಟೆ. ಮನುಷ್ಯರು ಕಟ್ಟಿದ್ದು ದಿನವೂ ಕೈಯಿಂದ ಕೈಗೆ ಓಡಾಡುತ್ತಿದೆ, ಕಾಡು ನದಿಗಳ ಚಿತ್ರ ಈ ಹೊಸ ನೋಟುಗಳಲ್ಲಿ ಇಲ್ಲ. ಮರುದಿನ ಅದೇ ಹುಡುಗ ಮಡಿಕೆ ಬಿದ್ದ ಹಳೆಯ ನೂರರ ನೋಟೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟ. "ಇದರ ಹಿಂದೆ ಬೆಟ್ಟವಿದೆ ಟೀಚರ್." ಅದು ಕಾಂಚನಜುಂಗಾ. 8,586 ಮೀಟರ್ ಎತ್ತರದ ಆ ಶಿಖರ ಸಿಕ್ಕಿಂನ ಜನರಿಗೆ ಪವಿತ್ರ. ಅದರ ಸುತ್ತಲಿನ ರಾಷ್ಟ್ರೀಯ ಉದ್ಯಾನವನ್ನು ಯುನೆಸ್ಕೋ 2016ರಲ್ಲಿ ಪ್ರಕೃತಿ ಮತ್ತು ಸಂಸ್ಕೃತಿ ಎರಡಕ್ಕೂ ಸೇರಿಸಿ ವಿಶ್ವ ಪರಂಪರೆಯ ಪಟ್ಟಿಗೆ ತೆಗೆದುಕೊಂಡಿತು. ಎರಡೂ ಬಗೆಗೆ ಸೇರಿದ ಭಾರತದ ತಾಣ ಇದೊಂದೇ. ಆ ನೋಟು ನಮ್ಮ ಕೆಲಸದ ದಿಕ್ಕನ್ನೇ ಬದಲಿಸಿತು.

ಇಲ್ಲಿ ಒಂದು ಮಾತು: ಡಬ್ಬಿಯನ್ನು ಮೊದಲೇ ಇಡಬೇಡಿ. ಮಕ್ಕಳಿಗೆ ಗೊತ್ತಿರುವುದು ಏನೆಂದು ಅದರಿಂದ ತಿಳಿಯುತ್ತದೆ, ನಿಜ. ಆದರೆ ಒಮ್ಮೆ ಚೀಟಿ ಬರೆದವರು ತಮ್ಮ ಚೀಟಿಯ ಪರವಾಗಿ ಹಟ ಹಿಡಿಯುತ್ತಾರೆ. ಆಮೇಲೆ ಹೊಸದನ್ನು ತೋರಿಸಿದರೂ ಮನಸ್ಸು ಕೊಡುವುದಿಲ್ಲ. ನಾವು ಆ ಚೀಟಿಗಳನ್ನೆಲ್ಲ ಪಕ್ಕಕ್ಕಿಟ್ಟು ಮೊದಲಿನಿಂದ ಶುರು ಮಾಡಬೇಕಾಯಿತು. ಎಂಟನೆಯ ತರಗತಿಯವರಿಗೆ ಅದರಿಂದ ನೋವಾಯಿತು. ಅವರ ಮುಂದೆ ನಿಂತು ನಾನು ಕ್ಷಮೆ ಕೇಳಿದೆ.

ಜುಲೈ ಪೂರ್ತಿ ನಿಯಮಗಳಲ್ಲೇ ಕಳೆಯಿತು. ನಮಗೆ ಮಾದರಿಯಾಗಿ ಸಿಕ್ಕದ್ದು ಯುನೆಸ್ಕೋದ ಪದ್ಧತಿ. ಅಲ್ಲಿ ಹತ್ತು ಮಾನದಂಡಗಳಿವೆ, ಆರು ಸಂಸ್ಕೃತಿಗೆ, ನಾಲ್ಕು ಪ್ರಕೃತಿಗೆ. ಯಾವ ತಾಣವೂ ನೇರವಾಗಿ ಪಟ್ಟಿಗೆ ಹೋಗುವಂತಿಲ್ಲ. ಮೊದಲು ದೇಶದ ತಾತ್ಕಾಲಿಕ ಪಟ್ಟಿಯಲ್ಲಿ ಕನಿಷ್ಠ ಒಂದು ವರ್ಷ ಕಾಯಬೇಕು. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2014ರಲ್ಲಿ ತಾತ್ಕಾಲಿಕ ಪಟ್ಟಿ ಸೇರಿ 2023ರಲ್ಲಿ ವಿಶ್ವ ಪರಂಪರೆಯಾದವು. ಮಕ್ಕಳು ಬೇಸರಗೊಂಡಾಗಲೆಲ್ಲ ಆ ಒಂಬತ್ತು ವರ್ಷಗಳನ್ನು ನೆನಪಿಸುತ್ತಿದ್ದೆ.

ಬೇಡದ ಮಾದರಿಯೂ ಒಂದು ಸಿಕ್ಕಿತು. 2007ರಲ್ಲಿ ಲಿಸ್ಬನ್ನಿನಲ್ಲಿ ಜಗತ್ತಿನ ಹೊಸ ಏಳು ಅದ್ಭುತಗಳೆಂದು ಪ್ರಕಟವಾದ ಪಟ್ಟಿ ಜನರ ಮತದಿಂದ ಆದದ್ದು, ತಾಜ್ ಮಹಲ್ ಅದರಲ್ಲಿದೆ. ಆದರೆ ಅಲ್ಲಿ ಒಬ್ಬರೇ ಮತ್ತೆ ಮತ್ತೆ ಮತ ಹಾಕಬಹುದಿತ್ತು. ತನಗೂ ಅದಕ್ಕೂ ಸಂಬಂಧವಿಲ್ಲವೆಂದು ಯುನೆಸ್ಕೋ ಆಗಲೇ ಹೇಳಿತ್ತು. ಇದನ್ನು ಕೇಳಿದ ಮೇಲೆ ಮಕ್ಕಳೇ ಮೊದಲ ನಿಯಮ ಬರೆದರು: ಒಬ್ಬರಿಗೆ ಒಂದೇ ಮತಪತ್ರ. ಎರಡನೆಯದು: ಬರಿಯ ಹೆಸರು ಸಾಲದು, ಅದು ಹೇಗೆ ಉಂಟಾಯಿತು ಅಥವಾ ಯಾರು ಹೇಗೆ ಕಟ್ಟಿದರು, ಇವತ್ತು ಅದಕ್ಕೆ ಯಾವುದರಿಂದ ಕೇಡು ಎಂಬುದನ್ನು ಹೆಸರು ಸೂಚಿಸಿದವರು ಬರೆದು ತರಬೇಕು. ಮೂರನೆಯದು: ಒಂದೊಂದು ಪಟ್ಟಿಯಲ್ಲೂ ಪೂರ್ತಿಯಾಗಿ ಕರ್ನಾಟಕದೊಳಗಿರುವವು ಎರಡಕ್ಕಿಂತ ಹೆಚ್ಚು ಇರಬಾರದು. ಈ ಮೂರನೆಯ ನಿಯಮಕ್ಕೆ ಗದ್ದಲವಾಯಿತು. ಗೋಲ್ ಗುಂಬಜ್, ಶ್ರವಣಬೆಳಗೊಳ, ಬಾದಾಮಿ ಎಲ್ಲವೂ ಬೇಕೆಂದು ಹತ್ತನೆಯ ತರಗತಿಯವರು ಪಟ್ಟು ಹಿಡಿದರು. ದೇಶದ ಪಟ್ಟಿ ಎಂದ ಮೇಲೆ ಅಸ್ಸಾಮಿನ ಮಗುವೂ ಅದನ್ನು ಓದಿ ಒಪ್ಪಬೇಕು ಎಂದು ನಾನು ಬಿಗಿಯಾಗಿ ನಿಂತೆ. ಈಗಲೂ ಅದು ಸರಿಯೆಂದೇ ನನ್ನ ನಂಬಿಕೆ.

ನಾಲ್ಕನೆಯ ನಿಯಮ ನಾವಾಗಿ ಮಾಡಿದ್ದಲ್ಲ. ಆಗಸ್ಟ್ ಮೊದಲ ವಾರ ಒಬ್ಬ ತಂದೆ ಶಾಲೆಗೆ ಬಂದರು. ಮಗನ ವಹಿಯಲ್ಲಿ ದೇವಸ್ಥಾನಗಳ ಹೆಸರುಗಳ ಮುಂದೆ ಅಂಕಗಳನ್ನು ನೋಡಿದ್ದರು. "ದೇವರ ಗುಡಿಗೆ ಅಂಕ ಹಾಕುತ್ತೀರಾ ಅಕ್ಕೋರೇ? ಒಂದು ಗುಡಿಯನ್ನು ಸೋಲಿಸಿ ಇನ್ನೊಂದನ್ನು ಗೆಲ್ಲಿಸುತ್ತೀರಾ?" ಧ್ವನಿ ಏರಿರಲಿಲ್ಲ, ಮನಸ್ಸು ನೊಂದಿತ್ತು. ಅವರನ್ನು ಕೂರಿಸಿ ಚಹಾ ಕೊಟ್ಟು, ಕಲ್ಲು ಕಡಿದವರ ಕೈಕೆಲಸವನ್ನು, ಅದರ ಲೆಕ್ಕಾಚಾರವನ್ನು ನೋಡುತ್ತಿದ್ದೇವೆ, ದೇವರನ್ನಲ್ಲ ಎಂದು ವಿವರಿಸಿದೆ. ಅಂದು ಸಂಜೆಯೇ ಹಲಗೆಯ ಮೇಲೆ ಬರೆದೆವು: 'ನಾವು ಭಕ್ತಿಗೆ ಮತ ಹಾಕುವುದಿಲ್ಲ. ಮಸೀದಿ, ಬಸದಿ, ಗುಡಿ, ಗೋರಿ ಯಾವುದಾದರೂ ಅದನ್ನು ಕಟ್ಟಿದ ಬಗೆಯನ್ನು ಮಾತ್ರ ನೋಡುತ್ತೇವೆ.' ಅಂಕ ಹಾಕುವುದನ್ನೂ ನಿಲ್ಲಿಸಿದೆವು. ಇಂಥ ಕೆಲಸಕ್ಕೆ ಕೈಹಾಕುವವರು ಈ ಮಾತನ್ನು ಮೊದಲ ದಿನವೇ ಪಾಲಕರ ಸಭೆಯಲ್ಲಿ ಹೇಳಿಬಿಡಿ. ಆ ತಂದೆಯೇ ಮುಂದೆ ನಮ್ಮ ಜೊತೆ ಬೆಟ್ಟ ಹತ್ತಿ ಮಕ್ಕಳಿಗೆ ದಾರಿ ತೋರಿಸಿದರು.

ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು 'ಪ್ರಾಕೃತಿಕ' ಎಂದರೇನು ಎಂಬ ಪ್ರಶ್ನೆ. ಜೋಗವನ್ನು ತೆಗೆದುಕೊಳ್ಳಿ. 253 ಮೀಟರ್ ಎತ್ತರದ ಬಂಡೆಯಿಂದ ಶರಾವತಿ ರಾಜ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕು ಸೀಳಾಗಿ ಧುಮುಕುತ್ತದೆ. ಆದರೆ 1964ರಲ್ಲಿ ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ಆದಂದಿನಿಂದ ಎಷ್ಟು ನೀರು ಬೀಳಬೇಕೆಂಬುದು ಬಹುಮಟ್ಟಿಗೆ ಅಣೆಕಟ್ಟಿನ ಕೈಯಲ್ಲಿದೆ. "ಬಂಡೆ ಪ್ರಕೃತಿಯದ್ದು, ನೀರಿನ ಬೀಗದ ಕೈ ಮನುಷ್ಯರದ್ದು" ಎಂದಳು ಒಬ್ಬಳು. ಕಾಲುವೆಗೆ ನೀರು ಬಿಡುವ ದಿನವನ್ನು ಕಾಯುತ್ತಾ ಬೆಳೆದ ಮಕ್ಕಳಿಗೆ ಇದು ಪುಸ್ತಕದ ಮಾತಲ್ಲ.

ಕೋಲ್ಕತ್ತದ ಪಕ್ಕ ಹೌರಾದ ಸಸ್ಯೋದ್ಯಾನದ ಮಹಾ ಆಲದ ಮೂಲ ಕಾಂಡಕ್ಕೆ ಶಿಲೀಂಧ್ರ ತಗುಲಿದ್ದರಿಂದ 1925ರಲ್ಲಿ ಅದನ್ನು ಕಡಿದು ತೆಗೆದರು. ಬಿಳಲುಗಳ ಮೇಲೆಯೇ ಮರ ಇಂದಿಗೂ ಬದುಕಿದೆ. ತೋಟದೊಳಗಿನ ಮರ ಯಾವ ಪಟ್ಟಿಗೆ? ಮೇಘಾಲಯದ ಬೇರುಸೇತುವೆಗಳಂತೂ ನಮ್ಮನ್ನು ಪೂರ್ತಿ ಕಟ್ಟಿಹಾಕಿದವು. ಖಾಸಿ ಜನರು ರಬ್ಬರ್ ಆಲದ ಎಳೆ ಬೇರುಗಳನ್ನು ಹಳ್ಳದ ಆಚೆ ದಡದವರೆಗೆ ತಿರುಗಿಸಿ ನೆಡುತ್ತಾರೆ, ಬೇರು ಬಲಿಯುವವರೆಗೆ ವರ್ಷಗಟ್ಟಲೆ ಕಾಯುತ್ತಾರೆ. ನಾವು ಕಟ್ಟುವ ಸೇತುವೆ ಹಳತಾದಂತೆ ಸವೆಯುತ್ತದೆ, ಅದು ಹಳತಾದಂತೆ ಗಟ್ಟಿಯಾಗುತ್ತದೆ. ಎರಡು ಶನಿವಾರ ವಾದ ಮಾಡಿದರೂ ಬಗೆಹರಿಯಲಿಲ್ಲ. ಕೊನೆಗೆ ಅದನ್ನು ಯಾವ ಪಟ್ಟಿಗೂ ಸೇರಿಸದೆ ಎರಡರ ನಡುವೆ ಬರೆಸುವುದೆಂದು ಮಕ್ಕಳೇ ನಿರ್ಧರಿಸಿದರು. ಈ ತಿಂಗಳುಗಳಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ದಿನ ಅದು.

ನಂತರ ಕಡತಗಳ ಕೆಲಸ. ಉಳಿದ 31 ಹೆಸರುಗಳಿಗೆ 31 ಕಡತ, ಒಂದೊಂದಕ್ಕೆ ಐದಾರು ಮಕ್ಕಳು. ಎರಡು ಪುಟ, ಒಂದನ್ನೊಂದು ನಕಲು ಮಾಡದ ಎರಡು ಆಧಾರ. ಶಾಲೆಯ ಗ್ರಂಥಾಲಯದಲ್ಲಿದ್ದ ಪುಸ್ತಕಗಳು ಸಾಲಲಿಲ್ಲ. ಮೊಬೈಲಿನಲ್ಲಿ ಸಿಕ್ಕಿದ ವಿಡಿಯೊಗಳಲ್ಲಿ ಅರ್ಧಕ್ಕರ್ಧ ಕಟ್ಟುಕಥೆ. ಎಲ್ಲೋರದ ಕೈಲಾಸ ದೇವಾಲಯವನ್ನು ಮನುಷ್ಯರು ಮಾಡಲು ಸಾಧ್ಯವೇ ಇಲ್ಲ, ಬೇರೆ ಲೋಕದವರು ಬಂದು ಮಾಡಿದರು ಎಂದು ಒಂದು ಗುಂಪು ಬರೆದು ತಂದಿತ್ತು. ನನಗೆ ತುಂಬಾ ದುಃಖವಾಯಿತು. ಅದು 8ನೆಯ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಕೆಲಸ. ಮುಂದೆ ಅದೇ ವಂಶದ ರಾಜಧಾನಿಯಾದ ಮಾನ್ಯಖೇಟ ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡ. ಒಂದೇ ಬಂಡೆಯನ್ನು ನೆತ್ತಿಯಿಂದ ಕೆಳಕ್ಕೆ ಕಡಿಯುತ್ತಾ ಬಂದಿದ್ದಾರೆ. ಕೆಳಗಿನಿಂದ ಕಟ್ಟುವಾಗ ತಪ್ಪಿದ ಕಲ್ಲನ್ನು ತೆಗೆದು ಬೇರೆ ಇಡಬಹುದು, ಇಲ್ಲಿ ಒಮ್ಮೆ ಹಾರಿಸಿದ ಚಕ್ಕೆಯನ್ನು ಮತ್ತೆ ಅಂಟಿಸುವಂತಿಲ್ಲ. ಆ ಗುಂಪಿನಲ್ಲಿ ಕಲ್ಲು ಒಡೆಯುವ ಕುಟುಂಬದ ಹುಡುಗನೊಬ್ಬನಿದ್ದ. ಅವನ ಅಜ್ಜನನ್ನು ಶಾಲೆಗೆ ಕರೆಸಿದೆವು. ಸಾಲಾಗಿ ಕುಳಿ ತೋಡಿ, ಉಳಿ ಇಟ್ಟು, ಎಳೆ ನೋಡಿ ಕಲ್ಲು ಸೀಳುವುದನ್ನು ಅವರು ಅಂಗಳದಲ್ಲೇ ತೋರಿಸಿದರು. ಕಡತವನ್ನು ಮಕ್ಕಳು ಮತ್ತೆ ಬರೆದರು.

ಲೋಣಾರ್ ಕಡತದಲ್ಲಿ ಬೇರೆ ತೊಡಕು. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿ ಉಲ್ಕೆಯೊಂದು ಕಪ್ಪು ಬಸಾಲ್ಟ್ ಕಲ್ಲಿಗೆ ಅಪ್ಪಳಿಸಿ ಆದ ಸುಮಾರು 1.8 ಕಿಲೋಮೀಟರ್ ಅಗಲದ ಕುಳಿಯದು. 2020ರ ಜೂನ್‌ನಲ್ಲಿ ಅದರ ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಉಪ್ಪುನೀರಿನ ಸೂಕ್ಷ್ಮಜೀವಿಗಳಿಂದ. ಅದರ ವಯಸ್ಸು ಒಂದು ಆಧಾರದಲ್ಲಿ ಸುಮಾರು 52 ಸಾವಿರ ವರ್ಷ, ಇನ್ನೊಂದರಲ್ಲಿ ಸುಮಾರು 5.7 ಲಕ್ಷ ವರ್ಷ. ಯಾವುದು ಸುಳ್ಳು ಎಂದು ಮಕ್ಕಳು ಕೇಳಿದರು. ಎರಡೂ ವಿಜ್ಞಾನಿಗಳದ್ದೇ, ಅಳೆದ ವಿಧಾನ ಬೇರೆ ಬೇರೆ. ಎರಡನ್ನೂ ಬರೆಯಿರಿ, ಯಾವ ವಿಧಾನ ಎಂದೂ ಬರೆಯಿರಿ ಎಂದೆ. ಗೋಡೆಯ ಮೇಲೂ ಎರಡೂ ಅಂಕಿಗಳಿವೆ.

ದೂರದ್ದನ್ನು ಓದಿ ಆರಿಸುವ ಮೊದಲು ಹತ್ತಿರದ್ದನ್ನಾದರೂ ಕಣ್ಣಾರೆ ನೋಡಬೇಕೆಂದು ಹಿರೇಬೆಣಕಲ್ ಮತ್ತು ಹಂಪಿಗೆ ಒಂದು ದಿನದ ಪ್ರವಾಸಕ್ಕೆ ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕಿದೆವು. ಒಪ್ಪಿಗೆ ಬರಲು 26 ದಿನ ಬೇಕಾಯಿತು. ಅರ್ಜಿ ಒಮ್ಮೆ ಹಿಂದಕ್ಕೂ ಬಂತು. ಪಾಲಕರ ಒಪ್ಪಿಗೆ ಪತ್ರಗಳನ್ನು ಒಟ್ಟಾಗಿ ಒಂದೇ ಹಾಳೆಯಲ್ಲಿ ಸಹಿ ಮಾಡಿಸಿದ್ದೆವು, ಮಗುವಿಗೊಂದರಂತೆ ಬೇರೆ ಬೇರೆ ಬೇಕಿತ್ತು. ಬಸ್ಸಿನ ದಾಖಲೆಗಳ ನಕಲು, ಜೊತೆಗೆ ಬರುವ ಶಿಕ್ಷಕರ ಪಟ್ಟಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ವಿವರ, ಗಂಟೆವಾರು ಕಾರ್ಯಕ್ರಮ, ಇವೆಲ್ಲ ಬೇಕು. ನನಗೆ ಮೊದಲು ಸಿಟ್ಟು ಬಂದಿತ್ತು. ಆದರೆ 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಪ್ರವಾಸಕ್ಕೆ ಹೋದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಸತ್ತದ್ದು ನೆನಪಾದಾಗ ಆ ಸಿಟ್ಟು ಇಳಿಯಿತು. ಹರಿಗೋಲಿನಲ್ಲಿ ತುಂಗಭದ್ರಾ ಹೊಳೆ ದಾಟುವುದನ್ನು ನಾವೇ ಕಾರ್ಯಕ್ರಮದಿಂದ ತೆಗೆದು, ರಸ್ತೆಯ ಸೇತುವೆಯ ಮೇಲೆ ಹೋಗುತ್ತೇವೆಂದು ಬರೆದುಕೊಟ್ಟೆವು.

ದಸರಾ ರಜೆ, ಅರ್ಧವಾರ್ಷಿಕ ಪರೀಕ್ಷೆ ಎಲ್ಲ ಮುಗಿದು ಹೊರಟದ್ದು ನವೆಂಬರ್‌ನಲ್ಲಿ. ಒಂದೇ ಬಸ್ಸಿಗೆ ಹಿಡಿಸುವಷ್ಟೇ, 58 ಮಕ್ಕಳು, ಪ್ರತಿ ಕಡತದಿಂದ ಇಬ್ಬರಂತೆ ಆರಿಸಿದ್ದು. ನಾಲ್ವರು ಕೊನೆಗಳಿಗೆಯಲ್ಲಿ ಜ್ವರದಿಂದ ಉಳಿದುಕೊಂಡರು. ಬೆಳಿಗ್ಗೆ ಆರಕ್ಕೇ ಬೆಟ್ಟದ ಬುಡ ಸೇರಿದೆವು. ಹಿರೇಬೆಣಕಲ್ಲಿಗೆ ಹೋಗುವವರು ಬಿಸಿಲೇರುವ ಮುನ್ನ ಹತ್ತಲೇಬೇಕು. ಮೇಲೆ ಕುಡಿಯುವ ನೀರು ಸಿಗುವುದಿಲ್ಲ, ಅಂಗಡಿಯಿಲ್ಲ, ನೆರಳೂ ಕಡಿಮೆ. ಮಗುವಿಗೆ ಎರಡು ಲೀಟರ್ ನೀರು, ಚಪ್ಪಲಿಯ ಬದಲು ಬೂಟು. ಇಷ್ಟನ್ನು ಮರೆಯಬೇಡಿ.

ಮೇಲೆ ಹೋಗಿ ನಿಂತಾಗ ಮಕ್ಕಳ ಗಲಾಟೆ ತಾನಾಗಿ ನಿಂತುಹೋಯಿತು. ಚಪ್ಪಡಿ ಕಲ್ಲುಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಮನೆಗಳಂತಹ ಸಮಾಧಿಗಳು, ಸಾಲು ಸಾಲಾಗಿ. ಚಿಕ್ಕವೂ ಆಳೆತ್ತರದವೂ ಸೇರಿ ಇಡೀ ಬೆಟ್ಟದಲ್ಲಿ ಸುಮಾರು 400 ಇವೆ. ಕ್ರಿ.ಪೂ. 800ರಿಂದ ಕ್ರಿ.ಪೂ. 200ರವರೆಗಿನವು ಎನ್ನುತ್ತಾರೆ. ಕೆಲವದರ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಊರಿನವರು ಇವನ್ನು ಮೊರೆಯರ ಮನೆಗಳೆನ್ನುತ್ತಾರೆ. ಬಡಿದರೆ ನಗಾರಿಯಂತೆ ಸದ್ದು ಮಾಡುವ ಅರೆಗೋಲದ ಬಂಡೆಯನ್ನು ಬಡಿಯಬೇಕೆಂದು ಎಲ್ಲರ ಕೈಗಳೂ ತುಡಿಯುತ್ತಿದ್ದವು. ಮುಟ್ಟಿ ನೋಡಿರಿ, ಬಡಿಯಬೇಡಿರಿ ಎಂದೆ. ನಿಧಿಯ ಆಸೆಗೆ ಅಗೆದು ಬೀಳಿಸಿದ ಚಪ್ಪಡಿಗಳ ಮುಂದೆ ಒಬ್ಬಳು ಬಹಳ ಹೊತ್ತು ಕುಳಿತಿದ್ದಳು. ಏನಾಯಿತೆಂದು ಕೇಳಿದರೆ, "ಯಾರದೋ ಅಜ್ಜಿಯ ಗೋರಿ ಇರಬಹುದಲ್ಲವೇ ಟೀಚರ್?" ಎಂದಳು. ಹಿರೇಬೆಣಕಲ್ 2021ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿದೆ.

ಅಲ್ಲಿಂದ ಸುತ್ತ ನೋಡಿದಾಗ ಕಂಡದ್ದು ಗುಂಡುಗಲ್ಲುಗಳ ಸಮುದ್ರ. ಒಂದರ ಮೇಲೊಂದು ಪೇರಿಸಿದಂತಿರುವ ಈ ಕಲ್ಲುಗಳನ್ನು ಯಾರೂ ಪೇರಿಸಿಲ್ಲ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಬಿರುಕುಬಿಟ್ಟು, ನೀರು ಗಾಳಿಗಳಿಗೆ ಮೂಲೆಗಳು ಸವೆದು, ಇದ್ದಲ್ಲೇ ದುಂಡಗಾಗಿವೆ. ರಾಮನಗರದವರೆಗೂ ಹಬ್ಬಿರುವ ಈ ಶಿಲೆಗೆ ಆ ಊರಿನ ಹಳೆಯ ಹೆಸರಿನಿಂದಲೇ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ದಿನವೂ ಕಿಟಕಿಯಿಂದ ನೋಡುವ ಬೆಟ್ಟವನ್ನು ಒಬ್ಬರೂ ಚೀಟಿಯಲ್ಲಿ ಬರೆದಿರಲಿಲ್ಲ. ಮೂವತ್ತೆರಡನೆಯ ಕಡತ ಅಲ್ಲೇ ಹುಟ್ಟಿತು.

ಹಂಪಿಯಲ್ಲಿ ಮಧ್ಯಾಹ್ನ. ವಿಜಯ ವಿಠ್ಠಲ ದೇವಾಲಯದ ಟಿಕೆಟ್ 40 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಉಚಿತ. ನಮ್ಮಲ್ಲಿ ಒಂಬತ್ತು ಮಕ್ಕಳಿಗೆ 15 ತುಂಬಿತ್ತು. ಯಾರಿಗೆ ಎಷ್ಟು ವಯಸ್ಸೆಂದು ತೋರಿಸಲು ದಾಖಲೆಯಿಲ್ಲದೆ ಕಿಟಕಿಯ ಮುಂದೆ ಮುಕ್ಕಾಲು ಗಂಟೆ ಹೋಯಿತು. ಶಾಲೆಯ ಮುದ್ರೆ ಇರುವ, ಜನ್ಮದಿನಾಂಕ ಬರೆದ ಪಟ್ಟಿ ಒಯ್ಯಿರಿ. ಅದೇ ಟಿಕೆಟ್ ಅದೇ ದಿನ ಕಮಲ ಮಹಲಿನ ಆವರಣಕ್ಕೂ ನಡೆಯುತ್ತದೆ, ಎಸೆಯಬೇಡಿ. ನಾವು ಹೋದದ್ದು ಶುಕ್ರವಾರವಾದ್ದರಿಂದ ಕಮಲಾಪುರದ ವಸ್ತು ಸಂಗ್ರಹಾಲಯ ಮುಚ್ಚಿತ್ತು. ದಿನ ಗೊತ್ತುಮಾಡುವಾಗ ಇದನ್ನು ವಿಚಾರಿಸಿರಲಿಲ್ಲ, ತಪ್ಪು ನನ್ನದೇ. ಮಾರ್ಗದುದ್ದಕ್ಕೂ ಮಕ್ಕಳು ಬರೆದುಕೊಂಡದ್ದರಲ್ಲಿ 'ಇದಕ್ಕೆ ಯಾವುದರಿಂದ ಕೇಡು' ಎಂಬ ಅಂಕಣವೇ ಉದ್ದವಾಗಿತ್ತು. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ದೇವಾಲಯದ ಮುಂದಿನ ಸಾಲು ಮಂಟಪದ ಒಂದು ಭಾಗ ಕುಸಿದದ್ದು, 2019ರಲ್ಲಿ ಕೆಲವು ಯುವಕರು ಕಂಬ ಉರುಳಿಸಿ ದಂಡ ತೆತ್ತದ್ದು.

ಒಬ್ಬ ಹುಡುಗಿಯ ಅಜ್ಜಿ ಹಂಪಿಯೆದುರು ಹೊಳೆಯಾಚೆಗಿರುವ ಆನೆಗೊಂದಿಯವರು. ಅವರು ಮೊಮ್ಮಗಳ ಕಡತಕ್ಕೆ ಹೇಳಿ ಬರೆಸಿದ ಒಂದು ಪುಟ ನನ್ನ ಬಳಿ ಇದೆ. ಹೊಳೆಗೆ ಸೇತುವೆ ಬರುತ್ತದೆಂದು ಊರೆಲ್ಲ ಕಾದಿದ್ದು, ಸೇತುವೆಯ ಕಾರಣಕ್ಕೇ ಹಂಪಿ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋದದ್ದು, 2006ರಲ್ಲಿ ಹೊರಬಂದದ್ದು, ಕೊನೆಗೆ 2009ರ ಜನವರಿಯಲ್ಲಿ ಅರ್ಧ ಕಟ್ಟಿದ ಸೇತುವೆ ಕುಸಿದು ಕೆಲಸಗಾರರು ಸತ್ತದ್ದು. 'ಹೆರಿಗೆಯ ನೋವಿನಲ್ಲಿ ಹರಿಗೋಲಿಗೆ ಕಾದವರಿಗೆ ಸೇತುವೆ ಬೇಡವೆನ್ನುವುದು ಹೇಗೆ?' ಎಂಬ ಅವರ ಸಾಲನ್ನು ಓದಿದ ದಿನ ತರಗತಿಯಲ್ಲಿ ಯಾರೂ ಮಾತಾಡಲಿಲ್ಲ. ನನ್ನಲ್ಲೂ ಅದಕ್ಕೆ ಉತ್ತರವಿರಲಿಲ್ಲ.

ಮತದಾನ ಡಿಸೆಂಬರ್ ಮೊದಲ ವಾರ. ಅದಕ್ಕೆ ಮುಂಚೆ ಹತ್ತು ದಿನ ಪ್ರಾರ್ಥನೆಯ ನಂತರ ದಿನಕ್ಕೆ ಮೂರ್ನಾಲ್ಕು ಗುಂಪುಗಳು ತಮ್ಮ ಕಡತದ ಪರವಾಗಿ ಮಾತಾಡಿದವು. ಎಲ್ಲರಲ್ಲಿ ಚೆನ್ನಾಗಿ ಮಾತಾಡಿದವನು ತುಂಗಭದ್ರಾ ಅಣೆಕಟ್ಟನ್ನು ಸೂಚಿಸಿದ ಒಂಬತ್ತನೆಯ ತರಗತಿಯ ಹುಡುಗ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು 19ನೆಯ ಗೇಟು ಕೊಚ್ಚಿಹೋದಾಗ ಅವನ ಅಪ್ಪ ನಿದ್ದೆ ಮಾಡದೆ ಗದ್ದೆಯ ಬದುವಿನ ಮೇಲೆ ಕುಳಿತಿದ್ದರಂತೆ. ಒಂದು ವಾರದಲ್ಲಿ, ಹರಿಯುವ ನೀರಿಗೇ ಉಕ್ಕಿನ ತಡೆಗಳನ್ನು ಇಳಿಸಿ ಆ ಕಿಂಡಿಯನ್ನು ಮುಚ್ಚಿದರು. "1953ರಲ್ಲಿ ಕಟ್ಟಿ ಮುಗಿಸಿದವರೂ ಅದ್ಭುತ, ಆ ವಾರ ಉಳಿಸಿದವರೂ ಅದ್ಭುತ" ಎಂದ. ಮುಳುಗಿಹೋದ ಊರುಗಳ ಲೆಕ್ಕವನ್ನೂ ಅವನೇ ಮುಚ್ಚಿಡದೆ ಹೇಳಿದ.

ಪ್ರತಿ ಮಗುವೂ ಒಂದೊಂದು ಪಟ್ಟಿಯಿಂದ ಏಳು ಹೆಸರಿಗೆ ಗುರುತು ಹಾಕಬೇಕು. ಎಣಿಕೆ ಸಂಜೆ ಐದರವರೆಗೆ ನಡೆಯಿತು. ಪ್ರಕೃತಿಯ ಏಳು: ಪಶ್ಚಿಮ ಘಟ್ಟ, ಕಾಂಚನಜುಂಗಾ, ಸುಂದರಬನ, ಕಾಜಿರಂಗ, ಲೋಣಾರ್, ಮಣಿಪುರದ ಲೋಕ್ಟಾಕ್ ಸರೋವರ, ಮತ್ತು ನಮ್ಮ ಗುಂಡುಗಲ್ಲಿನ ಬೆಟ್ಟಗಳು. ಲೋಕ್ಟಾಕ್ ಗೆಲ್ಲುತ್ತದೆಂದು ನಾನು ಎಣಿಸಿರಲಿಲ್ಲ. ತೇಲುವ ಹುಲ್ಲಿನ ಹಾಸು, ಅದರ ಮೇಲೆ ನಡೆದಾಡುವ ಸಾಂಗಾಯ್ ಜಿಂಕೆ, ಇದನ್ನು ಕೇಳಿದ ಎಂಟನೆಯ ತರಗತಿಯವರೆಲ್ಲ ಒಟ್ಟಾಗಿ ಅದರ ಪರ ನಿಂತರು. ಮನುಷ್ಯರ ಏಳು: ಹಂಪಿ, ತಾಜ್ ಮಹಲ್, ಕೈಲಾಸ ದೇವಾಲಯ, ಹಿರೇಬೆಣಕಲ್, ಕಚ್ಛದಲ್ಲಿರುವ ಹರಪ್ಪ ಕಾಲದ ನಗರ ಧೋಲಾವಿರಾ, ಪಾಟಣದ ರಾಣಿ ಕಿ ವಾವ್, ಜೈಪುರದ ಖಗೋಳ ವೀಕ್ಷಣಾಲಯ ಜಂತರ್ ಮಂತರ್. ಮಳೆ ಕಡಿಮೆಯಿರುವ ನಾಡಿನವರಿಗೆ ಧೋಲಾವಿರಾದ ಕೆರೆಗಳೂ ರಾಣಿಯ ಬಾವಿಯೂ ಹಿಡಿಸಿದ್ದರಲ್ಲಿ ಅಚ್ಚರಿಯಿಲ್ಲ. ಜೋಗ ಬಿಟ್ಟುಹೋಯಿತು, ಗೋಲ್ ಗುಂಬಜ್ ಬಿಟ್ಟುಹೋಯಿತು. ತುಂಗಭದ್ರಾ ಅಣೆಕಟ್ಟು ಮೂರು ಮತಗಳಿಂದ ಎಂಟನೆಯ ಸ್ಥಾನಕ್ಕೆ ಸರಿಯಿತು. ಆ ಹುಡುಗ ಶೌಚಾಲಯದ ಹಿಂದೆ ಹೋಗಿ ಅತ್ತ. ಮತ್ತೆ ಎಣಿಸೋಣ ಎಂದೆ. "ಬೇಡ ಟೀಚರ್, ನಿಯಮ ನಾವೇ ಮಾಡಿದ್ದು" ಎಂದ.

ಚಿತ್ರ ಬರೆಸುವುದು ಸುಲಭವೆಂದುಕೊಂಡಿದ್ದೆ, ಅಲ್ಲಿಯೂ ಎಡವಿದೆವು. ಪೇಂಟರ್ ಮೊಬೈಲಿನಲ್ಲಿ ಸಿಕ್ಕಿದ ನಕಾಶೆ ನೋಡಿ ಬರೆದಿದ್ದರು. ಜಮ್ಮು ಕಾಶ್ಮೀರ, ಲಡಾಖ್‌ಗಳ ಗಡಿ ತಪ್ಪಿತ್ತು, ಲಕ್ಷದ್ವೀಪ ಇರಲೇ ಇಲ್ಲ. ದೇಶದ ಗಡಿಯನ್ನು ತಪ್ಪಾಗಿ ತೋರಿಸುವುದು ಅಪರಾಧ. ಸರ್ವೆ ಆಫ್ ಇಂಡಿಯಾ ಪ್ರಕಟಿಸಿದ ಬಾಹ್ಯರೇಖೆಯನ್ನೇ ಮುದ್ರಿಸಿ, ಚೌಕಗಳನ್ನು ಹಾಕಿ, ಅದನ್ನು ಗೋಡೆಗೆ ದೊಡ್ಡದು ಮಾಡಿ ಬರೆಸಿರಿ. ನಾವು ಅಳಿಸಿ ಎರಡನೆಯ ಸಲ ಬರೆಸಿದ್ದಕ್ಕೆ 1,500 ರೂಪಾಯಿ ಹೆಚ್ಚಿಗೆ ಹೋಯಿತು.

ಲೆಕ್ಕ ಕೇಳುವವರಿಗಾಗಿ: ಬಸ್ಸಿಗೆ 13,500, ಮಕ್ಕಳು ಶಿಕ್ಷಕರು ಸೇರಿ 13 ಟಿಕೆಟ್‌ಗಳಿಗೆ 520, ನಕಲು ಪ್ರತಿಗಳಿಗೆ 640, ಬಣ್ಣಕ್ಕೆ 4,800, ಪೇಂಟರ್ ಕೂಲಿ 9,000, ನಕಾಶೆ ತಿದ್ದಿದ್ದಕ್ಕೆ 1,500. ಒಟ್ಟು 29,960. ಹಳೆಯ ವಿದ್ಯಾರ್ಥಿಗಳು 12,000 ಕೊಟ್ಟರು, ಎಸ್‌ಡಿಎಂಸಿ 5,000. ಪ್ರವಾಸಕ್ಕೆ ಬಂದವರಲ್ಲಿ 52 ಮಕ್ಕಳು ತಲಾ 150 ಕೊಟ್ಟರು, ಆಗದವರಿಂದ ಕೇಳಲಿಲ್ಲ. ಉಳಿದ 5,160 ರೂಪಾಯಿಯನ್ನು ನಾವು ಶಿಕ್ಷಕರು ಹಂಚಿಕೊಂಡೆವು. ಊಟದ ಖರ್ಚಿಲ್ಲ. ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಚಟ್ನಿ ಎಲ್ಲವೂ ಮನೆಗಳಿಂದ ಬಂದಿದ್ದವು.

ಇನ್ನೊಂದು ಮಾತು ಬಾಕಿಯಿದೆ. ಗೋಡೆಯ ಆಚೆ ಬದಿಗೆ ಕೈತೊಳೆಯುವ ನಲ್ಲಿಗಳಿವೆ. ಬೇಸಿಗೆಯ ಕೊನೆಗೆ, ಜೂನ್‌ನಲ್ಲಿ, ಬಣ್ಣ ಬಳಿದಾಗ ಒಣಗಿದಂತೆಯೇ ಕಂಡಿತ್ತು. ಈಗ ಸುಂದರಬನದ ಚಿತ್ರದ ಕೆಳಗೆ, ಕೆಸರಿನಿಂದ ಮೇಲೆದ್ದ ಬೇರುಗಳನ್ನು ಬರೆದ ಕಡೆ, ತೇವ ಏರಿ ಬಣ್ಣ ಹೊಪ್ಪಳಿಕೆಯೇಳುತ್ತಿದೆ. ಮಳೆಗಾಲ ಕಳೆದ ಮೇಲೆ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿಯೇ ಚಿತ್ರಕ್ಕೆ ಗೋಡೆ ಆರಿಸಿರಿ. ನಾವು ಏಪ್ರಿಲ್ ರಜೆಯಲ್ಲಿ ನಲ್ಲಿಯ ಸಾಲನ್ನು ಆಚೆಗೆ ಸರಿಸಿ, ಅಷ್ಟು ಭಾಗ ಕೆರೆದು ಮತ್ತೆ ಬರೆಸಬೇಕು. ಅಣೆಕಟ್ಟಿನ ಹುಡುಗ ಆ ಕೆಲಸಕ್ಕೆ ತಾನೇ ಬರುತ್ತೇನೆಂದು ಹೆಸರು ಬರೆಸಿದ್ದಾನೆ.